ಓಹಾಯೊದ ಅಜ್ಜನ ಓಟು

‘ರೋಮ್ನಿ ಗೆದ್ರೆ ನಮಗೇ ಒಳ್ಳೇದು ಅಲ್ವಾ ಸಾರ್?’ 2012ರ ಸೆಪ್ಟೆಂಬರಿನಲ್ಲಿ ನಮ್ಮ ಆಫೀಸಿನ ಕ್ಯಾಂಟೀನಲ್ಲಿ ದಿನಾ ಇದೇ ಮಾತು. ಬಫೆಲೋ ಬಿಟ್ಟು ಬೆಂಗಳೂರಲ್ಲಿ ಕೆಲಸ ಕೊಟ್ಟರೆ ತೆರಿಗೆ ಕಡಿಮೆಯಾಗೋ ಪದ್ಧತಿ ಸರಿಯಿಲ್ಲ ಅಂತ 2009ರಲ್ಲಿ ಒಬಾಮಾ ಅಂದಿದ್ದು ನಮ್ಮ ಹುಡುಗರಿಗೆ ಇನ್ನೂ ಮರೆತಿರಲಿಲ್ಲ.

ನಮಗೆ ಒಳ್ಳೇದೋ ಕೆಟ್ಟದ್ದೋ ಆಮೇಲಿನ ಮಾತು. ರೋಮ್ನಿ ಗೆಲ್ತಾರಾ? ಲೆಕ್ಕದ ಪ್ರಕಾರ ಗೆಲ್ಲಬೇಕಿತ್ತು. ನಿರುದ್ಯೋಗ ಆಗಸ್ಟಿನಲ್ಲಿ 8.1% ಇತ್ತು. ರೂಸ್‌ವೆಲ್ಟ್ ಕಾಲದಿಂದೀಚೆಗೆ ಅಲ್ಲಿಯವರೆಗೆ ನಿರುದ್ಯೋಗ 7.2% ದಾಟಿದ್ದಾಗ ಯಾವ ಅಧ್ಯಕ್ಷರೂ ಮರು ಆಯ್ಕೆಯಾಗಿರಲಿಲ್ಲ. ಇಷ್ಟಾದರೂ ರಿಪಬ್ಲಿಕನ್ನರು ಏದುಸಿರು ಬಿಡ್ತಿದ್ರು ಅಂದ್ರೆ ತಪ್ಪು ಅವರದ್ದೇ ಅಂತ ನನ್ನ ಅನಿಸಿಕೆ.

ಪಕ್ಷದೊಳಗಿನ ಸ್ಪರ್ಧೆ ಗೆಲ್ಲೋಕೆ ರೋಮ್ನಿ ಎಷ್ಟು ಬಲಕ್ಕೆ ವಾಲಿದರೆಂದರೆ, ದಾಖಲೆಯಿಲ್ಲದ ವಲಸಿಗರು ತಾವಾಗಿಯೇ ಗಂಟುಮೂಟೆ ಕಟ್ಟಿಕೊಂಡು ಹೋಗುವಂತೆ ಮಾಡ್ತೀನಿ ಅಂದರು. 2004ರಲ್ಲಿ ಬುಷ್‌ಗೆ ಸುಮಾರು 40% ಲ್ಯಾಟಿನೋ ಓಟು ಬಿದ್ದಿತ್ತು, ಮೆಕೇನ್‌ಗೆ 31%. ಇನ್ನು ಇವರಿಗೆಷ್ಟೋ!

ನಾನು ಎರಡು ವರ್ಷ ಓಹಾಯೊದ ಕೊಲಂಬಸ್‌ನಲ್ಲಿದ್ದೆ. 2012ರಲ್ಲಿ 18 ಎಲೆಕ್ಟೋರಲ್ ಓಟಿದ್ದ ಆ ರಾಜ್ಯ ಬಿಟ್ಟು ಯಾವ ರಿಪಬ್ಲಿಕನ್ನರೂ ಇದುವರೆಗೆ ಅಧ್ಯಕ್ಷರಾಗಿಲ್ಲ. ಅಲ್ಲಿ ಕಾರು ಉದ್ಯಮವೇ ಅನ್ನ. 2008ರಲ್ಲಿ ರೋಮ್ನಿ ಪತ್ರಿಕೆಗೆ ಬರೆದ ಲೇಖನದ ತಲೆಬರಹ, ಡೆಟ್ರಾಯಿಟ್ ದಿವಾಳಿಯಾಗಲಿ ಅಂತ. ತಲೆಬರಹ ಪತ್ರಿಕೆಯವರು ಕೊಟ್ಟಿದ್ದು, ಒಳಗಿನ ವಾದ ಅಷ್ಟು ಒರಟಲ್ಲ. ಆದರೆ ಒಳಗೆ ಓದೋರು ಯಾರು? ಅವರಪ್ಪ ಜಾರ್ಜ್ ರೋಮ್ನಿ ಕಾರು ಕಂಪನಿ ನಡೆಸಿದವರು ಅನ್ನೋದೂ ಆಗ ಕೆಲಸಕ್ಕೆ ಬರ್ತಿರಲಿಲ್ಲ.

ನನ್ನ ಮನೆ ಮಾಲೀಕರು ಕಾರಿನ ಬಿಡಿಭಾಗ ಮಾಡೋ ಫ್ಯಾಕ್ಟರಿಯಿಂದ ನಿವೃತ್ತರಾದ ಅಜ್ಜ. ಅಪ್ಪಟ ರಿಪಬ್ಲಿಕನ್. ಸೋಷಿಯಲ್ ಸೆಕ್ಯುರಿಟಿ ಹಣದಲ್ಲೇ ಜೀವನ, ಆದಾಯ ತೆರಿಗೆ ಕಟ್ಟೋ ಪ್ರಮೇಯವೇ ಇಲ್ಲ. ಆ ಸೆಪ್ಟೆಂಬರಿನಲ್ಲಿ ಹೊರಬಿದ್ದ ವಿಡಿಯೋದಲ್ಲಿ ರೋಮ್ನಿ, ಆದಾಯ ತೆರಿಗೆ ಕಟ್ಟದ 47% ಜನ ಸರ್ಕಾರದ ಮೇಲೆ ಬಿದ್ದಿದ್ದಾರೆ, ಏನಾದರೂ ಒಬಾಮಾಗೇ ಓಟು ಹಾಕ್ತಾರೆ ಅಂತ ಸಿರಿವಂತರ ಮುಂದೆ ಹೇಳಿದರಲ್ಲ, ಆ ಲೆಕ್ಕದಲ್ಲಿ ಈ ಅಜ್ಜನೂ ಬಂದ್ರು! ಎದುರಾಳಿಯನ್ನು ಬೈಯಲು ಹೋಗಿ ಸ್ವಂತ ಮನೆಯವರನ್ನೇ ಬೈದಂಗಾಯ್ತು.

ಆಗ ಒಂದು ಭಾನುವಾರ ಅವರಿಗೆ ಫೋನ್ ಮಾಡಿದ್ದೆ. ಒಬಾಮಾಗೆ ಹಾಕ್ತೀರಾ ಅಂದೆ. ‘ಸತ್ರೂ ಇಲ್ಲ’ ಅಂದ್ರು. ಹಾಗಾದ್ರೆ ರೋಮ್ನಿಗೆ? ಸ್ವಲ್ಪ ಹೊತ್ತು ಸುಮ್ಮನಿದ್ದು, ನವೆಂಬರಲ್ಲಿ ಚಳಿ ಜಾಸ್ತಿ, ಮಂಡಿನೋವು ಬೇರೆ, ಈ ಸಲ ಮನೇಲೇ ಇರ್ತೀನಿ ಅಂದ್ರು.