ಏಳಲಾರದ ಅತಿಥಿ

ಸ್ಟೀಫನ್ ಲೀಕಾಕ್ (1869–1944) ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ. ಜನ ಅವನನ್ನು ನೆನೆಯುವುದು ಮಾತ್ರ ಹಾಸ್ಯಕ್ಕಾಗಿ. 1910ರಲ್ಲಿ ಬಂದ ಅವನ ‘ಲಿಟರರಿ ಲ್ಯಾಪ್ಸಸ್’ ಸಂಕಲನದಲ್ಲಿ ಮೆಲ್ಪೊಮೆನಸ್ ಜೋನ್ಸ್ ಎಂಬ ಬಡಪಾಯಿಯ ಪುಟ್ಟ ಕಥೆಯೊಂದಿದೆ. ಹೋದ ಮನೆಯಿಂದ ಎದ್ದು ಬರಲು ಹತ್ತು ಸಲ ಬಾಗಿಲ ಕಡೆ ನೋಡಿ, ಹತ್ತು ಸಲವೂ ಕುಳಿತೇ ಉಳಿದವರು ಇದನ್ನು ಓದಬೇಕು.

ಜೋನ್ಸ್ ಚರ್ಚಿನ ಕಿರಿಯ ಪಾದ್ರಿ. ಮಹಾ ಸಂಕೋಚದವ, ಸುಳ್ಳು ಹೇಳಲಾರ, ಒರಟಾಗಿ ನಡೆಯಲಾರ. ಆರು ವಾರದ ಬೇಸಿಗೆ ರಜೆಯ ಮೊದಲ ದಿನ ಪರಿಚಯದವರ ಮನೆಗೆ ಹೋಗುತ್ತಾನೆ. ಎರಡು ಕಪ್ ಚಹಾ ಆದಮೇಲೆ ಹೊರಡುವ ಮಾತೆತ್ತಿದರೆ, ಇನ್ನಷ್ಟು ಹೊತ್ತು ಕೂರಲಾಗದೇ ಎಂದು ಮನೆಯಾಕೆ ಕೇಳುತ್ತಾಳೆ. ಕೂರಲು ಆಗುತ್ತದಲ್ಲ! ನಿಜ ಹೇಳಿ ಕೂರುತ್ತಾನೆ. ಚಹಾ ಹನ್ನೊಂದು ಕಪ್ಪಿಗೇರುತ್ತದೆ, ರಾತ್ರಿಯ ಊಟವಾಗುತ್ತದೆ, ಮನೆತನದ ಫೋಟೋಗಳ ರಾಶಿ ಹೊರಬರುತ್ತದೆ. ಯಜಮಾನ ಬೇಸತ್ತು, ಇಲ್ಲೇ ಮಲಗಿಬಿಡಿ ಎಂದು ಚುಚ್ಚಿದರೆ ಅದನ್ನೂ ಉಪಕಾರವೆಂದೇ ತಿಳಿಯುತ್ತಾನೆ. ಕೊನೆಗೆ ಜ್ವರ ಹಿಡಿದು, ರಜೆ ಮುಗಿಯುವ ದಿನ ಆ ಮನೆಯಿಂದ ಹೊರಡುವುದು ಅವನ ಪ್ರಾಣ.

ಸಂಕೋಚದವರನ್ನು ಗೇಲಿ ಮಾಡುವ ಕಥೆ ಎಂದು ಇದನ್ನು ಓದಿಬಿಡಬಹುದು. ನಮಗೆ ಹಾಗೆ ತೋರುವುದಿಲ್ಲ. ಇಲ್ಲಿ ಸಿಕ್ಕಿಬಿದ್ದಿರುವುದು ಉಪಚಾರದ ಭಾಷೆ. ಮನೆಯಾಕೆಯ ಪ್ರಶ್ನೆ ಪ್ರಶ್ನೆಯಲ್ಲ, ಬೀಳ್ಕೊಡುವ ಕ್ರಮದ ಮೊದಲ ಮಾತು. ಅದಕ್ಕೆ ಒಂದು ನಗೆ ಸಾಕು. ಇದನ್ನು ಲೀಕಾಕ್ ಚೆನ್ನಾಗಿ ಹಿಡಿದಿದ್ದಾನೆ. ಆದರೆ ಇಡೀ ಕಥೆಯನ್ನು ಸತ್ಯನಿಷ್ಠೆಯೆಂಬ ಒಂದೇ ಮೊಳೆಗೆ ತೂಗುಹಾಕಿದ್ದಾನೆ. ನಮ್ಮ ಮುಂಬಯಿಯ ಸಂಕೋಚದವರು ಸುಳ್ಳನ್ನು ಧಾರಾಳವಾಗಿ ಹೇಳುತ್ತಾರೆ, ಎಂಟು ಗಂಟೆಗೇ ಕೊನೆಯ ಲೋಕಲ್ ತಪ್ಪೀತು ಎನ್ನುತ್ತಾರೆ, ಆದರೂ ಏಳಲಾರರು. ಎದ್ದು ನಿಂತ ಕೂಡಲೇ ಎಲ್ಲರ ಕಣ್ಣೂ ತಮ್ಮ ಮೇಲೆ ಬೀಳುತ್ತದೆಂಬ ದಿಗಿಲು ಅವರದು. ಆ ದಿಗಿಲನ್ನು ಲೀಕಾಕ್ ಹೆಚ್ಚುಕಡಿಮೆ ಮುಟ್ಟಿಯೇ ಇಲ್ಲ.

ಮನೆಯವರ ಮನಸ್ಸನ್ನೂ ಅವನು ಸುಲಭವಾಗಿ ತೀರ್ಮಾನಿಸಿಬಿಟ್ಟ: ಅವರಿಗೆ ಬೇಸರ, ಅಷ್ಟೆ. 2021ರಲ್ಲಿ ಅಮೆರಿಕದ ಆಡಮ್ ಮಾಸ್ಟ್ರೊಯಾನಿ ಮತ್ತು ಸಂಗಡಿಗರು 932 ಮಾತುಕತೆಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿದರು. ಇಬ್ಬರೂ ಬಯಸಿದ ಹೊತ್ತಿಗೆ ಮುಗಿದವು ತೀರ ಅಪರೂಪ. ಮಾತು ಬೇಗ ನಿಂತಿತೆಂದು ನೊಂದುಕೊಂಡವರೂ ಅದರಲ್ಲಿದ್ದರು! ತಮ್ಮ ತಮ್ಮ ಇಷ್ಟವನ್ನು ಪರಸ್ಪರ ಮುಚ್ಚಿಟ್ಟುಕೊಳ್ಳುವುದೇ ಕಾರಣವಂತೆ. ಸರಕಾರಿ ಪತ್ರಕ್ಕಾದರೂ ‘ತಮ್ಮ ವಿಶ್ವಾಸಿ’ ಎಂಬ ಸಿದ್ಧವಾದ ಕೊನೆಯಿದೆ.

ನಮ್ಮ ಹೆಂಗಸರಿಗೂ ಇದೆ. ಅರಿಸಿನ ಕುಂಕುಮ, ಎಲೆ ಅಡಿಕೆ ಕೈಗೆ ಬಂದರೆ ಹೊರಡಬಹುದು. ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎಂದರಾಯಿತು. ಗಂಡಸರು ಹೆಂಡತಿಯ ತಾಂಬೂಲಕ್ಕೆ ಕಾದು ಕೂರುತ್ತಾರೆ. ಊರಿನಿಂದ ಒಂಟಿಯಾಗಿ ಕೆಲಸಕ್ಕೆ ಬಂದ ಹುಡುಗ ಯಾರ ತಾಂಬೂಲಕ್ಕೆ ಕಾಯಬೇಕು? ಸತ್ಯನಾರಾಯಣ ಪೂಜೆಗೆಂದು ಬಂದು, ಪ್ರಸಾದವಾದ ಮೇಲೂ ಏಳಲಾಗದೆ ರಾತ್ರಿ ಹತ್ತರವರೆಗೆ ಒದ್ದಾಡಿದವನು ಮುಂದಿನ ಸಲ ಬರುವುದೇ ಇಲ್ಲ. ಅವನಿಗೆ ಬಿಂಕ ಎನ್ನುತ್ತೇವೆ ನಾವು.

ಜೋನ್ಸನನ್ನು ಕನ್ನಡಕ್ಕೆ ತರುವವರು ಅವನ ಪ್ರಾಣ ಉಳಿಸಿ, ಮನೆಯಾಕೆಯ ಕೈಯಲ್ಲಿ ಒಂದು ತಾಂಬೂಲದ ತಟ್ಟೆ ಕೊಟ್ಟರೆ ನಮ್ಮದೇನೂ ಆಕ್ಷೇಪಣೆಯಿಲ್ಲ.