ಪರದೇಶದ ನವರಾತ್ರಿ ಕಚೇರಿಗಳು

ಸಂಗೀತ ಕಚೇರಿಗೆ ತಕ್ಕ ಸ್ಥಳ ಯಾವುದು? ದೇವಸ್ಥಾನದ ಪ್ರಾಕಾರ, ಅರಮನೆಯ ದರ್ಬಾರು, ಸಂಗೀತ ಸಭೆಯ ಚಪ್ಪರ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ವಿಶ್ವವಿದ್ಯಾನಿಲಯದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಮಿಡಲ್‌ಟೌನ್ ಎಂಬ ಊರಿನ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಹಲವು ದಶಕಗಳಿಂದ ನವರಾತ್ರಿ ಉತ್ಸವ ನಡೆಯುತ್ತ ಬಂದಿದೆ. ಹಾಡುಗಾರಿಕೆ, ವಾದ್ಯ, ನೃತ್ಯ ಮೂರೂ ಅಲ್ಲಿ ಉಂಟು. ಸರಸ್ವತೀ ಪೂಜೆಯೂ ಉಂಟು. ಬಂದವರು ತಮ್ಮ ವಾದ್ಯ, ಪುಸ್ತಕಗಳನ್ನು ತಂದು ಪೂಜೆಗಿಡುತ್ತಾರೆ. ಇದನ್ನು ಪರದೇಶದ ಒಂದು ಕೌತುಕವೆಂದು ಹೊಗಳಿ ಮುಗಿಸುವುದು ಸುಲಭ. ನನಗೆ ಅಷ್ಟು ಸಾಲದು.

ಈ ಉತ್ಸವದ ಬೇರು ಇರುವುದು ಪಾಠದಲ್ಲಿ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಬ್ರೌನ್ ಎಂಬ ಪ್ರಾಧ್ಯಾಪಕರು, ಸ್ವತಃ ಮೃದಂಗ ಕಲಿತವರು, ನಮ್ಮ ಸಂಗೀತವನ್ನು ಅಲ್ಲಿ ಪಾಠಕ್ಕಿಟ್ಟರು. ಊಟವಿಕ್ಕಿ ಅವರು ನಡೆಸುತ್ತಿದ್ದ ಕಚೇರಿಗಳಿಗೆ ‘ಕರಿ ಕಾನ್ಸರ್ಟ್’ ಎಂದೇ ಹೆಸರಾಯಿತು. ವೀಣೆ ಧನಮ್ಮಾಳ್ ಮನೆತನದ ಟಿ. ರಂಗನಾಥನ್ 1963ರಲ್ಲಿ ಅಲ್ಲಿಗೆ ಮೃದಂಗ ಕಲಿಸಲು ಹೋದರು. ಅವರ ಅಕ್ಕ ಬಾಲಸರಸ್ವತಿಯವರೂ ಅಲ್ಲಿ ಕಲಿಸಿದರು. ತಮ್ಮ, ಕೊಳಲಿನ ಟಿ. ವಿಶ್ವನಾಥನ್, 2002ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯ ಗುರುಗಳಾಗಿದ್ದರು. ಹೀಗೆ ವೇದಿಕೆಯ ಮೇಲಿದ್ದವರೇ ಮರುದಿನ ತರಗತಿಯ ಗುರುಗಳು. ಕೆಳಗೆ ಕುಳಿತವರಲ್ಲಿ ಕೆಲವರಾದರೂ ತಾಳ ತಪ್ಪಿ ತಿದ್ದಿಸಿಕೊಂಡವರು. ಇಂಥ ಕಿವಿಗೆ ಕಚೇರಿಯೆಂಬುದು ಪಾಠದ ಪರೀಕ್ಷೆ.

ಇದರ ಫಲವನ್ನು ನೋಡಬೇಕಾದರೆ ಜಾನ್ ಹಿಗ್ಗಿನ್ಸ್ ಅವರನ್ನು ಕೇಳಬೇಕು. ಆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಮದರಾಸಿಗೆ ಬಂದು ಕಲಿತು ‘ಹಿಗ್ಗಿನ್ಸ್ ಭಾಗವತರ್’ ಎನಿಸಿಕೊಂಡರು. 1984ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅಲ್ಲಿಯೇ ಕಲಾಕೇಂದ್ರದ ನಿರ್ದೇಶಕರಾಗಿದ್ದರು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಬಾಲಸರಸ್ವತಿಯವರ ಅಭಿನಯದಿಂದ ಲೋಕವಿಖ್ಯಾತವಾದುದು. ಹಿಗ್ಗಿನ್ಸ್ ಹಾಡಿರುವ ಅದರ ಧ್ವನಿಮುದ್ರಿಕೆಯನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಕನ್ನಡದ ಕಿವಿಗೆ ಅಲ್ಲಲ್ಲಿ ಒಂದು ಅಕ್ಷರ ತೊಡರಬಹುದು. ಆದರೆ ಅವರಲ್ಲಿ ಅವಸರವಿಲ್ಲ, ಪ್ರದರ್ಶನವಿಲ್ಲ. ಕರೆಯುವ ತಾಯಿಯ ಕಾತರ ಮಾತ್ರ ಉಂಟು. ಕನ್ನಡ ಮನೆಮಾತಾಗಿರುವ ಎಷ್ಟೋ ಗಾಯಕರು ದೇವರನಾಮವನ್ನು ಕಚೇರಿಯ ಕೊನೆಗೆ ಮಂಗಳದ ಮುಂಚಿನ ತುಂಡೆಂದು ಓಡಿಸಿಬಿಡುವುದನ್ನು ನೆನೆದರೆ ನಾಚಿಕೆಯಾಗುತ್ತದೆ.

ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ಭಾಷೆ ಅರಿಯದ ಸಭೆಯಲ್ಲಿ ಮೊದಲು ಸೋಲುವುದು ಸಾಹಿತ್ಯ. ತನಿ ಆವರ್ತನ ಯಾರಿಗಾದರೂ ತಲುಪುತ್ತದೆ; ಲೆಕ್ಕಕ್ಕೆ ಅನುವಾದ ಬೇಡ. ಒಂದು ಪದದಲ್ಲಿ ನಾಯಿಕೆ ನುಡಿಯುವ ಕೊಂಕು ಮಾತ್ರ ಕಾರ್ಯಕ್ರಮಪತ್ರದ ಎರಡು ಸಾಲಿನ ತಾತ್ಪರ್ಯದಲ್ಲಿ ಸತ್ತುಹೋಗುತ್ತದೆ. ಕಲಾವಿದರೂ ಚಪ್ಪಾಳೆ ಬರುವ ಕಡೆಗೇ ವಾಲುವ ಅಪಾಯವಿದೆ. ಇಂಥ ಸಭೆಗೆ ರಾಗ ತಾಳಗಳಷ್ಟೇ ಶ್ರದ್ಧೆಯಿಂದ ಮಾತನ್ನೂ ಕಲಿಸದೆ ಗತಿಯಿಲ್ಲ. ಅದು ಸಾಧ್ಯವೆಂಬುದಕ್ಕೆ ಹಿಗ್ಗಿನ್ಸ್ ಅವರೇ ಸಾಕ್ಷಿ.

ನಮ್ಮ ವಿಶ್ವವಿದ್ಯಾನಿಲಯಗಳಿಗೆ ಈ ಭಾಷೆಯ ತೊಡಕಿಲ್ಲ. ಆದರೂ ಎಷ್ಟೋ ಕಡೆ ನಡೆಯುವುದೇನು? ವಾರ್ಷಿಕೋತ್ಸವಕ್ಕೆ ವಿದ್ವಾಂಸರನ್ನು ಕರೆಸುತ್ತೇವೆ, ಭಾಷಣಗಳು ಮುಗಿದ ಮೇಲೆ ಉಳಿದ ಹೊತ್ತನ್ನು ಅವರಿಗೆ ಕೊಡುತ್ತೇವೆ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೈಗಿತ್ತು ಬೀಳ್ಕೊಡುತ್ತೇವೆ. ವಿದ್ಯಾರ್ಥಿ ಒಂದು ಸಂಜೆ ಕೇಳಿದ, ಏನನ್ನೂ ಕಲಿಯಲಿಲ್ಲ. ಆ ವಿದ್ವಾಂಸರನ್ನೇ ಒಂದು ವರ್ಷ ಇರಿಸಿಕೊಂಡು, ವಿಜ್ಞಾನದ ಹುಡುಗನಿಗೂ ಒಂದು ಕೃತಿಯನ್ನು ನೆಟ್ಟಗೆ ಕೇಳಲು ಕಲಿಸಿ, ಆಮೇಲೆ ಕಚೇರಿ ಇಡಬಾರದೇಕೆ? ಶ್ರೋತೃವನ್ನು ಬೆಳೆಸದ ಕಚೇರಿಗೆ ವಿಶ್ವವಿದ್ಯಾನಿಲಯದ ಆವರಣ ಬೇಕಿಲ್ಲ. ಅದಕ್ಕೆ ಕಲ್ಯಾಣಮಂಟಪವೇ ಸಾಕು.