ಯಾವ ಮನೆಯ ಹುಡುಗ?

ಹೋದ ಮಳೆಗಾಲದಲ್ಲಿ ನನ್ನ ಮೂರು ವರ್ಷದ ಮಗಳಿಗೆ ಭೇದಿ ಶುರುವಾಯ್ತು. ಡಾಕ್ಟರು ಓಆರ್‌ಎಸ್, ಜಿಂಕ್ ಬರೆದುಕೊಟ್ಟರು. ಮೆಡಿಕಲ್ ಶಾಪಿನವನು ‘ಇದೂ ಒಳ್ಳೇದು ಸಾರ್’ ಅಂತ ಪ್ರೋಬಯಾಟಿಕ್ ಪೊಟ್ಟಣಗಳನ್ನೂ ಸೇರಿಸಿದ. ನಾನೂ ತೆಪ್ಪಗೆ ದುಡ್ಡು ಕೊಟ್ಟೆ. ಮಗು ಸುಸ್ತಾಗಿ ಮಲಗಿರುವಾಗ ಯಾವ ಅಪ್ಪ ಚೌಕಾಸಿ ಮಾಡ್ತಾನೆ?

ರಾತ್ರಿ ನಿದ್ದೆ ಬಾರದೆ ಆ ಪೊಟ್ಟಣ ಓದುತ್ತಾ ಕೂತೆ. ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂಬ ಬಿರುದಿತ್ತು, ಕೋಟಿಗಳ ಲೆಕ್ಕವಿತ್ತು. ಹೆಸರು ಮಾತ್ರ ‘ಲ್ಯಾಕ್ಟೋಬ್ಯಾಸಿಲಸ್’ ಅಂತ ಅಲ್ಲಿಗೇ ನಿಂತಿತ್ತು. ನನ್ನ ತಕರಾರು ಇರೋದು ಇಲ್ಲೇ.

ನಮ್ಮೂರ ಕಡೆ ಹೆಣ್ಣು ಕೊಡುವಾಗ ಮನೆತನ ಕೇಳಿ ಸುಮ್ಮನಾಗಲ್ಲ. ಆ ಮನೆಯ ಯಾವ ಹುಡುಗ, ಏನು ಮಾಡ್ಕೊಂಡಿದ್ದಾನೆ ಅಂತ ವಿಚಾರಿಸ್ತಾರೆ. ಲ್ಯಾಕ್ಟೋಬ್ಯಾಸಿಲಸ್ ಅನ್ನೋದು ಬರೀ ಮನೆತನ. (ಅದೂ ಒಂದು ದೊಡ್ಡ ಕೂಡುಕುಟುಂಬ, 2020ರಲ್ಲಿ ವಿಜ್ಞಾನಿಗಳು ಪಾಲು ಮಾಡಿದಾಗ 23 ಹೊಸ ಕುಲಗಳಾದವು!) ಕೆಲಸಕ್ಕೆ ಬರೋದು, ಬಾರದೇ ಇರೋದು ಒಂದೊಂದು ತಳಿಯ ಲೆಕ್ಕ.

ಈ ಮನೆತನದ ಹೆಸರುವಾಸಿ ಹುಡುಗ ಎಲ್‌ಜಿಜಿ. ಅದನ್ನು ಬೇರ್ಪಡಿಸಿದ ಗೋರ್‌ಬಾಕ್, ಗೋಲ್ಡಿನ್ ಎಂಬಿಬ್ಬರ ಹೆಸರಿನ ಮೊದಲಕ್ಷರಗಳೇ ಆ ಎರಡು ‘ಜಿ’. ಮಕ್ಕಳ ಭೇದಿಗೆ ಇದು ಒಳ್ಳೇದು ಅಂತ ಎಷ್ಟೋ ಸಣ್ಣ ಅಧ್ಯಯನಗಳು ಹೇಳಿದ್ದವು. 2018ರಲ್ಲಿ ಅಮೆರಿಕದ 10 ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ 971 ಮಕ್ಕಳ ಪರೀಕ್ಷೆಯ ಫಲಿತಾಂಶ ಹೊರಬಂತು. ಐದು ದಿನ ಕೆಲವರಿಗೆ ಎಲ್‌ಜಿಜಿ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಪುಡಿ. ಎಲ್‌ಜಿಜಿ ಕುಡಿದವರ ಭೇದಿ ಸುಮಾರು 49.7 ಗಂಟೆ ಇತ್ತು, ಹುಸಿ ಪುಡಿಯವರದ್ದು 50.9. ಅಂಕಿಅಂಶದ ಭಾಷೆಯಲ್ಲಿ ಅದು ವ್ಯತ್ಯಾಸವೇ ಅಲ್ಲ.

ಹಾಗಂತ ಎಲ್ಲಾ ಮೋಸ ಅಂದುಬಿಡೋದು ಸುಲಭ. ಆದರೆ ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು, ಅದಕ್ಕೆ ಮೇವಾಗುವ ಒಂದು ಬಗೆಯ ಸಕ್ಕರೆಯ ಜೊತೆ, ಬರೀ ಏಳು ದಿನ ಕೊಟ್ಟರು. ರಕ್ತದ ನಂಜು ಅಥವಾ ಸಾವಿಗೆ ತುತ್ತಾದವರು 9%ರಿಂದ 5.4%ಕ್ಕೆ ಇಳಿದರು. ಹಳ್ಳಿಯಲ್ಲಿ ಬೆಳೆದವನು ನಾನು. ಹುಟ್ಟಿದ ವಾರದಲ್ಲೇ ಹೋದ ಕೂಸುಗಳ ಸುದ್ದಿ ಕೇಳಿದವನು. ಈ ಅಂಕಿ ಓದಿ ಮೈ ಜುಂ ಅಂತು. ಇಷ್ಟು ದೊಡ್ಡ ಕೆಲಸ ಮಾಡಿದ ಒಂದು ತಳಿಯ ಕೀರ್ತಿಯನ್ನು ಇಡೀ ಮನೆತನಕ್ಕೆ ಹಂಚಿ, ‘ಇಮ್ಯೂನಿಟಿ’ ಅಂತ ಬಾಟಲಿಯಲ್ಲಿ ಮಾರೋದು ನನಗೆ ಸಿಟ್ಟು ತರಿಸುತ್ತೆ.

‘ನಮ್ಮಜ್ಜಿಯ ಮೊಸರೇ ನಿಜವಾದ ಪ್ರೋಬಯಾಟಿಕ್’ ಎನ್ನುವವರ ಗುಂಪಿಗೂ ನಾನು ಸೇರಲಾರೆ. ನಮ್ಮಮ್ಮ ಹೆಪ್ಪು ಹಾಕಿದ ಮೊಸರಿಗೆ ರುಚಿಯಲ್ಲಿ ಸಾಟಿಯಿಲ್ಲ, ಒಪ್ಪಿದೆ. ಅದರಲ್ಲಿರೋದು ಯಾವ ಹುಡುಗರು ಅಂತ ಅಮ್ಮನಿಗೂ ಗೊತ್ತಿಲ್ಲ, ನನಗೂ ಇಲ್ಲ.

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಂದರು: ‘ಅದಿರ್ಲಿ ಕಣೋ, ಮಗು ನೀರು ಕುಡೀತಾ? ಉಚ್ಚೆ ಹೊಯ್ತಾ?’